ಸರ್ಕಾರಿ ಅಂಚೆಚೀಟಿ ತೊಟ್ಟು ಬಂದ ಚರ್ಚಿನ ಕೀಲಿಕೈ

ಯೆಲ್ಮರೀಡ್ ಸ್ಟೇಷನ್ನಿನ ಅಂಚೆಯನ್ನು ಆಳುತ್ತಿದ್ದ ಟೆಕ್ಲಾ ರೂಸೆನ್‌ಗ್ರೇನ್ ಅವರಿಗೆ ಸಿಂಹಾಸನವಿರಲಿಲ್ಲ. ಕರಿಯ ಟೋಪಿಯಿತ್ತು, ಮುದ್ರೆಯಿತ್ತು, ಎದುರು ನಿಂತವರ ಬಾಯೊಣಗಿಸುವ ನೋಟವಿತ್ತು. ಕಚೇರಿ ಕೆಲಸಕ್ಕೆಂದೇ ಮೀಸಲಾದ ಸರ್ಕಾರಿ ಅಂಚೆಚೀಟಿಗಳಿಗೆ ಅವರೇ ಕಾವಲು. ಊರಿನ ಪೊಲೀಸ್ ಅಧಿಕಾರಿ ಅಂಥ ಚೀಟಿ ಅಂಟಿಸಿ ತಂಗಿಗೆ ಹೆರಿಂಗ್ ಮೀನು ಕಳಿಸಲು ಬಂದಾಗ, ಈ ಮೀನು ಯಾವ ಇಲಾಖೆಯ ನೌಕರ ಎಂದು ಕೇಳಿ ವಾಪಸ್ ಅಟ್ಟಿದ್ದರು.

ಇಂಥವರ ಮೇಜಿನ ಮೇಲೆ ಜೂನ್ ತಿಂಗಳ ಒಂದು ಶನಿವಾರ ಚರ್ಚಿನ ಕೀಲಿಕೈ ಬಂದು ಬಿತ್ತು. ಮೊಳದುದ್ದದ ಕಬ್ಬಿಣ. ಮರೆಗುಳಿ ಪಾದ್ರಿ ಲಿಂಡೆರುಸ್ ಅದನ್ನು ಕೋಟಿನಲ್ಲಿಟ್ಟುಕೊಂಡೇ ಬಿಷಪ್ಪರ ಊರಿಗೆ ಹೋಗಿದ್ದರು. ಆ ದೇಶದಲ್ಲಿ ಚರ್ಚೂ ಒಂದು ಸರ್ಕಾರಿ ಇಲಾಖೆ. ನೆನಪಾದಾಗ ಕೈಲಿದ್ದ ಚರ್ಚು ಕಚೇರಿಯ ಸರ್ಕಾರಿ ಚೀಟಿಗಳನ್ನೆಲ್ಲ ಗಾಯಕ್ಕೆ ಪಟ್ಟಿ ಸುತ್ತಿದಂತೆ ಅದಕ್ಕೆ ಸುತ್ತಿ, ಮರದ ಚೂರೊಂದರ ಮೇಲೆ ‘ಯೆಲ್ಮರೀಡ್ ಚರ್ಚಿಗೆ’ ಎಂದು ಬರೆದು ಕಟ್ಟಿ, ಅಂಚೆಗೆ ಹಾಕಿದ್ದರು.

ಅತ್ತ ಚರ್ಚಿನ ಬಾಗಿಲಲ್ಲಿ ಬೂಟಿಲ್ಡಾ ಮದುಮಗಳ ಕಿರೀಟ ತೊಟ್ಟು ಕಾಯುತ್ತಿದ್ದಳು. ಮದುವೆ ಮಾಡಿಸಲು ಬಂದ ಪಕ್ಕದೂರಿನ ಪಾದ್ರಿ ಸಂಜೆಯ ರೈಲಿಗೆ ಹೊರಡಬೇಕು. ನಾವಿಕನಾದ ಮದುಮಗ ಮರುದಿನ ಹಡಗು ಹತ್ತಬೇಕು. ಹಿಂದೊಮ್ಮೆ ದಾಳಿಯಿಟ್ಟ ಡೇನರ ದಂಡಿಗೂ ಜಗ್ಗದ ಆ ಓಕ್ ಬಾಗಿಲಿನ ಮೇಲೆ ಕಮ್ಮಾರ ಯುದ್ಧ ಸಾರಿ, ಎರಡು ಉಳಿಗಳನ್ನು ಬಲಿಕೊಟ್ಟು, ಸಕಲ ಗೌರವದೊಂದಿಗೆ ಹಿಮ್ಮೆಟ್ಟಿದ್ದ.

ಗ್ರಹಚಾರಕ್ಕೆ ಕೀಲಿಕೈ ತಂದ ರೈಲಿನಿಂದಲೇ ಅಂಚೆ ಇನ್ಸ್‌ಪೆಕ್ಟರ್ ಸ್ಟೊಲ್ಪೆ ತಪಾಸಣೆಗೆ ಇಳಿದರು. ಕೀಲಿಯ ಮೇಲೆ ಚರ್ಚು ಕಚೇರಿಯ ಮೊಹರಿಲ್ಲ, ಪಾದ್ರಿಯ ಮರೆವು ಸರ್ಕಾರಿ ಕೆಲಸವೂ ಅಲ್ಲ. ಇದನ್ನು ರಾಜಧಾನಿ ಸ್ಟಾಕ್‌ಹೋಮಿಗೆ ಕಳಿಸಿ ತೀರ್ಮಾನಕ್ಕೆ ಕಾಯಬೇಕು ಎಂದರು.

ಮದುಮಗಳ ಅಪ್ಪ ಟೋಪಿ ಹಿಂಡುತ್ತ, “ಟೆಕ್ಲಮ್ಮ, ಅಲ್ಲಿಂದ ಉತ್ತರ ಬರೋ ಹೊತ್ತಿಗೆ ನನ್ ಮಗ್ಳು ಮದುವೆ ಆಗ್ದೇನೇ ಅಜ್ಜಿ ಆಗಿರ್ತಾಳೆ,” ಎಂದ.

ಟೆಕ್ಲಾ ನಿಯಮ ಮುರಿಯುವವರಲ್ಲ. ಮದುಮಗಳನ್ನು ಬಿಸಿಲಲ್ಲಿ ನಿಲ್ಲಿಸುವವರೂ ಅಲ್ಲ.

“ಸಾಹೇಬ್ರು ಹೇಳೋದು ಸರೀನೇ,” ಎಂದರು. “ಇದು ಚರ್ಚಿನ ಕೀಲಿ ಆದ್ರೆ ಸರ್ಕಾರಿ ಸಾಮಾನು, ಯಾರದೋ ಉಗ್ರಾಣದ್ದಾದ್ರೆ ಮೋಸ. ಯಾವ್ದು ಅಂತ ತಿಳೀದೆ ನೀವು ವರದಿ ಬರೆಯೋದ್ ಹೇಗೆ? ಚರ್ಚಿನ ಬೀಗಕ್ಕೆ ಹಾಕಿ ನೋಡಿ. ನೀವೇ ಹಿಡ್ಕೊಳ್ಳಿ, ಸಾಕ್ಷಿ ನನ್ ಕೈಗೆ ಬರಬಾರ್ದು.”

ತಪಾಸಣೆ ಎಂಬ ಮಾತು ಕೇಳಿದರೆ ಸ್ಟೊಲ್ಪೆಗೆ ಹಸಿವೂ ಮರೆಯುತ್ತಿತ್ತು. ಕೀಲಿಕೈಯನ್ನು ರಾಜದಂಡದಂತೆ ಎತ್ತಿ ಹಿಡಿದು ನಡೆದರು. ಅವರನ್ನು ಕಂಡದ್ದೇ ತಡ, ಪಿಟೀಲಿನವನು ಮದುವೆ ಮೆರವಣಿಗೆಯ ರಾಗ ಎತ್ತಿದ. ಕೀಲಿ ತಿರುಗಿತು, ಬಾಗಿಲು ನರಳಿ ತೆರೆಯಿತು, ಹಿಂದಿದ್ದ ಊರೆಲ್ಲ ಇನ್ಸ್‌ಪೆಕ್ಟರನ್ನು ಮುಂದೆ ತಳ್ಳಿಕೊಂಡೇ ಒಳನುಗ್ಗಿತು. ಅವರು ಸಾವರಿಸಿಕೊಂಡು ತಿರುಗುವಷ್ಟರಲ್ಲಿ ಬೂಟಿಲ್ಡಾ ಪಾದ್ರಿಯ ಮುಂದೆ ನಿಂತಿದ್ದಳು.

ಪರೀಕ್ಷೆ ಮುಗಿಯಿತು, ಬೀಗದಲ್ಲೇ ಉಳಿದ ಕೀಲಿ ತೆಗೆದುಕೊಡಿ ಎಂದು ಸ್ಟೊಲ್ಪೆ ಹಿಂದೆಯೇ ಬಂದ ಟೆಕ್ಲಾಗೆ ಪಿಸುಗುಟ್ಟಿದರು.

“ಹೇಗೆ ಕೊಡ್ಲಿ ಸಾಹೇಬ್ರೇ?” ಟೆಕ್ಲಾ ದನಿ ತಗ್ಗಿಸಿದರು. “ಅಂಚೆ ವಿಳಾಸದಾರರಿಗೆ ತಲುಪಿಬಿಡ್ತು. ಬಟವಾಡೆ ಮಾಡ್ದೋರೂ ನೀವೇ.”

ಸ್ಟೊಲ್ಪೆ ಬೀಗದತ್ತ ನೋಡಿದರು, ಮದುಮಗಳತ್ತ ನೋಡಿದರು. ಟೆಕ್ಲಾ ಹಿಂದಿನ ಬೆಂಚಿನಲ್ಲಿ ಲಂಗ ಸರಿಸಿ ಜಾಗ ಮಾಡಿದರು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕುಳಿತರು.