ಇಳಿದ ಕಲ್ಲಿನಿಂದಲೇ ಹತ್ತಬೇಕು

ಬೇಡ್ತಿ ಹೊಳೆಯಲ್ಲಿ ಮುಳುಗಿದ ತಾಮ್ರದ ಕೊಡಪಾನ ತೆಗೆಯಲು ಅಣ್ಣ ದಂಡೆಯ ಕಲ್ಲಿನಿಂದ ನೀರಿಗೆ ಹಾರಿದ್ದ. ಸೆಳವು ಜೋರಿತ್ತು. ಇಳಿದ ಕಲ್ಲಿನಿಂದಲೇ ಹತ್ತದಿದ್ದರೆ ಹೊಳೆ ಮುನಿಯುತ್ತದೆಂದು ಮನೆಯವರ ನಂಬಿಕೆ. ಕೊಡಪಾನ ಹಿಡಿದು ಮೇಲೆದ್ದವನು ಆ ಕಲ್ಲಿಗಾಗಿ ಸೆಳವಿನ ಎದುರೇ ಈಜುತ್ತ ಸೋಲುತ್ತಿದ್ದ.

“ನೀರು ಹೋದ ಬದಿಗೇ ಓರೆಯಾಗಿ ಬಾರೋ ಅಣ್ಣಾ!” ಎಂದು ಕೂಗಿದೆ.

“ಸುಮ್ನಿರು ತಮಾ, ಹೊಳೆ ಎಂತ ನಿನ್ನ ಕಾಲೇಜಿನ ಚರ್ಚಾಕೂಟನಾ?” ಪಕ್ಕದಲ್ಲಿದ್ದ ದೊಡ್ಡಪ್ಪ ಗದರಿದರು.

“ಹೊಳೆ ಮುನಿದಿದ್ದು ನೋಡಿದವು ಯಾರು, ದೊಡ್ಡಪ್ಪಾ?”

“ನೋಡಿದವು ಹೇಳಲೆ ಉಳಿದ್ವಿಲ್ಲೆ.”

ನಾನು ಮತ್ತೆ ಅಣ್ಣನಿಗೆ ಕೆಳಗಿನ ಮರಳದಂಡೆಯತ್ತ ಕೈಮಾಡಿ ತೋರಿಸಿದೆ.

ಕೊನೆಗೆ ಕೈಸೋತ ಅಣ್ಣ ಸೆಳವಿಗೆ ಮೈಬಿಟ್ಟ; ಅದೇ ಅವನನ್ನು ಕೆಳಗಿನ ಮರಳಿಗೆ ತಂದು ಹಾಕಿತು. ವಾದ ಗೆದ್ದೆನೆಂದುಕೊಂಡು ಅವನತ್ತ ಓಡಿದೆ. ಹಿಂದೆಯೇ ಬಂದ ದೊಡ್ಡಪ್ಪ, “ಉಸಿರು ಬಂತಾ? ಹಂಗಾರೆ ಇಳಿ, ಆ ಕಲ್ಲಿಂದ ಹತ್ತು,” ಎಂದರು.

ತಡೆಯಲು ಹಿಡಿದ ನನ್ನ ಕೈ ಕೊಡವಿ, ಏದುಸಿರಿನಲ್ಲೇ ಅಣ್ಣ ಮತ್ತೆ ಎದೆಮಟ್ಟದ ನೀರಿಗಿಳಿದು ದಂಡೆಗುಂಟ ಆ ಕಲ್ಲಿನತ್ತ ಹೊರಟ.