ಅಕ್ಕನ ಮಂಡಿಯ ರಿಪೋರ್ಟು

ಇದನ್ನು ಬರೆಯಲು ಕೂತು, ಎರಡು ಸಾಲು ಬರೆದು, ಎದ್ದು ಹೋಗಿರುವುದು ಎಷ್ಟು ಸಲವೋ. ಒಂದು ಸಲ ಕಣ್ಣು ಸರಿಯಿಲ್ಲವೆಂದು ಬಿಟ್ಟೆ. ಇನ್ನೊಂದು ಸಲ ಅಕ್ಕನ ತಿಥಿ ಮುಗಿಯಲಿ ಎಂದುಕೊಂಡೆ. ತಿಥಿ ಮುಗಿದು ವರ್ಷಗಳೇ ಆದವು. ಹೇಳಬೇಕಾದದ್ದು ಹೆಚ್ಚೇನಿಲ್ಲ. ಆಸ್ಪತ್ರೆಯ ಒಂದು ಕಾಗದವನ್ನು ನಾನು ಒಲೆಗೆ ಹಾಕಿದೆ. ಆಮೇಲೆ ಅದರ ಬಗ್ಗೆ ಒಂದು ಸುಳ್ಳು ಹೇಳಿದೆ. ಅಷ್ಟರಿಂದ ನಮ್ಮ ಮನೆಯ ಇಬ್ಬರು ಹೆಂಗಸರ ಬದುಕು ಕೆಟ್ಟಿತು.

ನಮ್ಮೂರು ರಾಮನಗರಕ್ಕೂ ಕನಕಪುರಕ್ಕೂ ನಡುವೆ ಇದೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಮಾಗಡಿ ಕಡೆಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡು ತವರಿಗೆ ಬಂದಳು. ಏಳನೇ ಕ್ಲಾಸಿಗೆ ಸಾಕು ಎಂದ ಅಪ್ಪನ ಹತ್ತಿರ ಜಗಳವಾಡಿ ನನ್ನನ್ನು ಹೈಸ್ಕೂಲಿಗೆ ಕಳಿಸಿದವಳು ಅವಳೇ. ನನ್ನ ಹೆಂಡತಿ ಸತ್ತ ಮೇಲೆ ಮನೆಯೂ ಹುಳುಮನೆಯೂ ಅವಳ ಕೈಗೇ ಬಂದವು. ಅವಳು ಸಾಕಿದ ಹುಳ ಕೆಟ್ಟದ್ದು ಕಡಿಮೆ. ಊರಿನವರು ತಮ್ಮ ಹುಳಕ್ಕೆ ಮೊದಲ ಹಿಪ್ಪುನೇರಳೆ ಸೊಪ್ಪು ಹಾಕಿಸಲು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಮಗ ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಗೆ ಕಾಂಟ್ರಾಕ್ಟ್ ಮೇಲೆ ಸೇರಿದ್ದ. ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಅರಳಿಕಟ್ಟೆ ಹತ್ತಿರ ವ್ಯಾನು ಬಂದು ಹಾರನ್ ಮಾಡುತ್ತಿತ್ತು. ಹಿಂದಿನ ವರ್ಷದವರೆಗೂ ನಮ್ಮ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರೆಲ್ಲ ಊಟದ ಡಬ್ಬಿ ಹಿಡಿದು ಅದೇ ವ್ಯಾನು ಹತ್ತುತ್ತಿದ್ದರು. ಕೂಲಿಗೆ ಕರೆದರೆ ನಗುತ್ತಿದ್ದರು. "ಬಿಸ್ಲಲ್ಲಿ ನಿಮ್ ಸೊಪ್ಪು ಕುಯ್ಯೋ ಬದ್ಲು ಫ್ಯಾನ್ ಕೆಳ್ಗೆ ಕುಂತು ಹೊಲಿತೀವಿ ಕಣಣ್ಣ" ಎಂದಳು ಒಬ್ಬಳು. ತಪ್ಪೇನಿರಲಿಲ್ಲ. ಹುಳುಮನೆಗೆ ಉಳಿದದ್ದು ಅಕ್ಕ ಮತ್ತು ನಾನು.

ಅಕ್ಕನ ಬಲಮಂಡಿ ಊದಿಕೊಂಡದ್ದು ಆ ವರ್ಷವೇ. ಮೊದಲು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಂಡಳು. ಹರಳೆಣ್ಣೆ ತಿಕ್ಕಿದಳು. ಬಸ್ ಸ್ಟ್ಯಾಂಡಿನ ಡಾಕ್ಟರು ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಎರಡು ದಿನ ಸುಮ್ಮನಿದ್ದು ನೋವು ಮತ್ತೆ ಬಂತು. ಸಂಜೆಯಾದರೆ ಸಣ್ಣ ಜ್ವರ. ಸೊಪ್ಪು ಹಾಕುವುದಕ್ಕೂ, ಹುಳದ ತಟ್ಟೆಯ ಕಸ ತೆಗೆಯುವುದಕ್ಕೂ ಕುಕ್ಕರುಗಾಲಲ್ಲಿ ಕೂರಬೇಕು. ಕೂತವಳು ಏಳುವಾಗ ಕಂಬ ಹಿಡಿದುಕೊಳ್ಳುವುದನ್ನು ನಾನು ನೋಡುತ್ತಿದ್ದೆ. ನೋಡಿಯೂ ಏನೂ ಮಾಡಲಿಲ್ಲ.

ಮಾಡಿದವಳು ಸೊಸೆ. ಒಂದು ದಿನ ರಜ ಹಾಕಿ, ಅಕ್ಕನನ್ನು ರಾಮನಗರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಅಲ್ಲಿಗೆ ವಾರಕ್ಕೆ ಎರಡು ದಿನ ಬೆಂಗಳೂರಿನಿಂದ ಮೂಳೆ ಡಾಕ್ಟರು ಬರುತ್ತಿದ್ದರು. ಎಕ್ಸ್‌ರೇ ತೆಗೆಸಿ, ಸೂಜಿ ಹಾಕಿ ಮಂಡಿಯಿಂದ ನೀರು ತೆಗೆದು, ಅದನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದರಂತೆ. ಅಕ್ಕ ಮನೆಗೆ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತು, "ಸೂಜಿ ಅಲ್ಲ ಕಣ್ಲಾ ಅದು, ಗೋಣಿಚೀಲ ಹೊಲಿಯೋ ದಬ್ಬಳ" ಎಂದಳು. "ನಿನ್ ಸೊಸೆ ನನ್ ಕೈ ಹಿಡ್ಕಂಡು ತಾನೇ ಕಣ್ಣು ಮುಚ್ಕಂಡ್ಳು."

ಸೊಸೆ ನಕ್ಕಳು. "ನೀವು ಡಾಕ್ಟ್ರನ್ನ ಬೈತಿದ್ರಲ್ಲ ಅತ್ತೆ, ನಾನು ಮುಖ ಎಲ್ಲಿಟ್ಕಳ್ಳಿ?"

ರಿಪೋರ್ಟು ಮುಂದಿನ ವಾರ ಬರುತ್ತದೆ ಎಂದಿದ್ದರು. "ಅದನ್ನೂ ನಾನೇ ತತ್ತೀನಿ ಮಾವ, ಇನ್ನೊಂದ್ ರಜ ಕೇಳ್ತೀನಿ" ಎಂದಳು ಸೊಸೆ. ನಾನು ಬೇಡ ಎಂದೆ. ಹೇಗೂ ರಾಮನಗರಕ್ಕೆ ಹೋಗುವುದಿದೆ, ಇಂಗ್ಲಿಷಿನಲ್ಲಿರುವುದನ್ನು ನಾಲ್ಕಕ್ಷರ ಓದಬಲ್ಲೆ, ನಾನೇ ತರುತ್ತೇನೆ ಎಂದೆ. ಆ ಮಾತು ಆದದ್ದು ಅಡುಗೆಮನೆ ಬಾಗಿಲಲ್ಲಿ. ಅಕ್ಕ ಹುಳುಮನೆಯಲ್ಲಿದ್ದಳು, ಮಗ ಡ್ಯೂಟಿಯಲ್ಲಿದ್ದ. ಕೇಳಿಸಿಕೊಂಡವರು ನಾವಿಬ್ಬರೇ.

ನಾನು ಹೋದ ದಿನ ಡಾಕ್ಟರು ಇದ್ದರು. ವಯಸ್ಸಿನ್ನೂ ಚಿಕ್ಕದು. ಕಾಗದ ನೋಡಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನನಗೆ ಅರ್ಥವಾಗುವ ಹಾಗೆ ಹೇಳಿದರು. ಮಂಡಿಯಲ್ಲಿ ಕ್ಷಯ. ಎದೆಗೆ ಬರುವ ರೋಗವೇ, ಕೀಲಿಗೂ ಬರುತ್ತದೆ. ಸದ್ಯಕ್ಕೆ ಒಳಗಿನ ಪೊರೆಯಲ್ಲಿದೆ, ಮೂಳೆಗೆ ಇಳಿದಿಲ್ಲ. ಇವತ್ತೇ ಮಾತ್ರೆ ಶುರು ಮಾಡಬೇಕು, ವರ್ಷದ ಮೇಲೆ ನುಂಗಬೇಕಾಗಬಹುದು. ಕೆಲವು ವಾರ ಕಾಲಿಗೆ ಪಟ್ಟಿ ಹಾಕುತ್ತೇನೆ, ಪಾದ ನೆಲಕ್ಕೆ ಊರಬಾರದು, ಕುಕ್ಕರುಗಾಲಲ್ಲಂತೂ ಕೂರಲೇಬಾರದು. ನಾಳೆ ಕರೆದುಕೊಂಡು ಬನ್ನಿ.

"ಒಂದು ಹದಿನೈದು ದಿನ ಬಿಟ್ಟು ಕರ್ಕಂಡ್ ಬಂದ್ರೆ ಆಯ್ತದಾ ಸಾರ್?" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾಕೆ?"

"ಹುಳ ಅವೆ ಸಾರ್ ಮನೇಲಿ."

"ಹುಳ ನೀವು ನೋಡ್ಕೊಳ್ಳಿ. ಅವರನ್ನ ಕರ್ಕೊಂಡ್ ಬನ್ನಿ."

ರೇಷ್ಮೆ ಹುಳ ಸಾಕದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಳ ಮೇವು ಬಿಟ್ಟು ಪೊರೆ ಕಳಚುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ಎದ್ದ ಮೇಲೆ ಒಂದು ವಾರ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಮೇಲೆ ಹಣ್ಣಾಗುತ್ತವೆ, ಅಂದರೆ ನೂಲು ಬಿಡಲು ತಯಾರಾಗುತ್ತವೆ. ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಹೊತ್ತು ತಪ್ಪಿದರೆ ನೂಲು ತಟ್ಟೆಯಲ್ಲೇ ಹಾಳಾಗುತ್ತದೆ. ನಮ್ಮ ಹುಳ ಅವತ್ತು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅಕ್ಕ ಮಲಗಿದರೆ ಅಷ್ಟೂ ತಟ್ಟೆಗಳನ್ನು ನಾನೊಬ್ಬ ಹೇಗೆ ನೋಡಲಿ? ಇದು ಬಸ್ಸಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡದ್ದು. ಸೊಸೆಗೆ ಒಂದು ಮಾತು ಹೇಳಿದ್ದರೆ ಅವಳು ಹದಿನೈದು ದಿನ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಹುಳವನ್ನು ತಿಪ್ಪೆಗೆ ಸುರಿದಿದ್ದರೂ ನಾವೇನು ಉಪವಾಸ ಬೀಳುತ್ತಿರಲಿಲ್ಲ. ತುಂಬಿದ ಹುಳುಮನೆಯನ್ನು ಸುರಿಯಲು ನನಗೆ ಮನಸ್ಸು ಬರಲಿಲ್ಲ, ಅಷ್ಟೆ.

ಊರಿಗೆ ಬಸ್ಸು ಹತ್ತುವ ಮೊದಲು ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ತೆಗೆದುಕೊಂಡಿದ್ದೆ. ಅಕ್ಕ ನೋವು ಮರೆತು ಕೂತು ಹುಳ ಆರಿಸಲಿ ಎಂದೇ ತೆಗೆದುಕೊಂಡದ್ದು. ರಿಪೋರ್ಟು ಇನ್ನೂ ಬಂದಿಲ್ಲವಂತೆ, ಸದ್ಯಕ್ಕೆ ಇದನ್ನು ಕೊಟ್ಟಿದ್ದಾರೆ ಎಂದು ಹೇಳಿದೆ. ಅವಳು ಮಾತ್ರೆ ನುಂಗಿ, ಸಂಜೆಗೆ, "ಪರ್ವಾಗಿಲ್ಲ ಕಣ್ಲಾ ನಿನ್ ಡಾಕ್ಟ್ರು, ನೋವು ಒಸಿ ಇಳೀತು" ಎಂದಳು. ಮಾರನೆಯ ಬೆಳಿಗ್ಗೆ ನೀರೊಲೆಗೆ ಉರಿ ಹಾಕುವಾಗ ಆ ಕಾಗದವನ್ನೂ ಒಳಕ್ಕೆ ತಳ್ಳಿದೆ.

ಆ ಸಲದ ಗೂಡು ಚೆನ್ನಾಗಿ ಬಂತು. ಮಾರುಕಟ್ಟೆಗೆ ಹಾಕಿ ಬಂದ ದಿನ ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಭಯ ಹುಟ್ಟಿತ್ತು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನು ಹೇಳುವುದು? ತಡವಾದಷ್ಟೂ ಆ ಪ್ರಶ್ನೆ ದೊಡ್ಡದಾಗುತ್ತಿತ್ತು. ಮುಂದಿನ ಬೆಳೆಯ ಮರಿಹುಳಕ್ಕೆ ಮೊದಲೇ ಹೇಳಿಯಾಗಿತ್ತು, ಅವೂ ಬಂದವು. ಇನ್ನೊಂದು ಬೆಳೆ ಹೋಯಿತು. ಸೊಸೆ ಮೂರು ಸಲ ಕೇಳಿದಳು, "ಮಾವ, ರಿಪೋರ್ಟ್ ಬತ್ತಾ?" ಮೂರು ಸಲವೂ ಇಲ್ಲ ಎಂದೆ. ಮೂರನೆಯ ಸಲ ಸ್ವಲ್ಪ ಗದರಿಯೇ ಹೇಳಿದೆ. ಆಮೇಲೆ ಅವಳು ಕೇಳಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಸೊಪ್ಪಿನ ಮಂಕರಿ ಸಮೇತ ಹುಳುಮನೆಯ ಹೊಸ್ತಿಲಲ್ಲಿ ಬಿದ್ದಳು. ಮಂಡಿ ಕುಂಬಳಕಾಯಿಯಂತಾಗಿ, ಒಂದು ಕಡೆ ಒಡೆದು ಕೀವು ಸೋರುತ್ತಿತ್ತು. ಮಗ ಕಾರು ಮಾಡಿಸಿಕೊಂಡು ಎಲ್ಲರನ್ನೂ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು: ಇದಕ್ಕೆ ಮುಂಚೆ ನೀರು ತೆಗೆದು ಟೆಸ್ಟ್ ಮಾಡಿಸಿದ್ದರಂತಲ್ಲ, ಅದರ ರಿಪೋರ್ಟ್ ಎಲ್ಲಿ?

ಮಗ ನನ್ನ ಮುಖ ನೋಡಿದ. ಬಾಯಿಗೆ ಬಂದದ್ದನ್ನು ಹೇಳಿದೆ.

"ನಾನ್ ಒಂದ್ ಸಲ ಹೋದಾಗ ಬಂದಿರ್ಲಿಲ್ಲ, ಆಮೇಲೆ ನಿನ್ ಹೆಂಡ್ತಿ ತತ್ತೀನಿ ಅಂದಿದ್ಲಪ್ಪ. ಫ್ಯಾಕ್ಟರಿ ಓಡಾಟದಲ್ಲಿ ಮರ್ತ್ಬುಟ್ಟವಳೆ ಅನ್ಸ್ತದೆ."

ಸೊಸೆ ಅಕ್ಕನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ನೀವೇ ತತ್ತೀನಿ ಅಂದ್ರಲ್ಲ ಮಾವ" ಎಂದಳು.

"ನಾನೆಲ್ಲಿ ಅಂದೆ?" ಎಂದೆ. ಧ್ವನಿ ನಡುಗಲಿಲ್ಲ. ಅದು ಈಗಲೂ ನನಗೆ ಆಶ್ಚರ್ಯ.

ಮಗ ಅವಳ ಕಡೆ ತಿರುಗಿದ. ಆಸ್ಪತ್ರೆಯ ವರಾಂಡದಲ್ಲಿ, ಓಡಾಡುವವರ ಮುಂದೆ, ಅವಳ ಕೆಲಸವನ್ನು ಬೈದ, ವ್ಯಾನನ್ನು ಬೈದ, ಅವಳ ತವರನ್ನೂ ಬಿಡಲಿಲ್ಲ. ನಾನು ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದೆ.

ಅಕ್ಕನ ಮಂಡಿಯ ಮೂಳೆ ತಿಂದುಹೋಗಿತ್ತು. ಎರಡು ಸಲ ಆಪರೇಷನ್ ಮಾಡಿ ತೊಳೆದರು. ಮಾತ್ರೆ ಒಂದೂವರೆ ವರ್ಷ ನಡೆಯಿತು. ಜೀವ ಉಳಿಯಿತು, ರೋಗ ವಾಸಿಯಾಯಿತು, ಕಾಲು ಮಾತ್ರ ಕೋಲಿನಂತೆ ನೆಟ್ಟಗೆ ನಿಂತುಬಿಟ್ಟಿತು. ಅವಳು ಮತ್ತೆ ಯಾವ ಹುಳುಮನೆಗೂ ಹೋಗಲಿಲ್ಲ. ಅವಳನ್ನು ನೋಡಿಕೊಳ್ಳಲು ಸೊಸೆ ಕೆಲಸ ಬಿಟ್ಟಳು. ಬಿಡಿಸಿದೆವು ಎನ್ನುವುದೇ ಸರಿ. ಬೆಳಿಗ್ಗೆ ಹಾರನ್ ಕೇಳಿದಾಗ ಅವಳು ಅಕ್ಕನ ಬೆಡ್‌ಪ್ಯಾನ್ ತೊಳೆಯುತ್ತಿರುತ್ತಿದ್ದಳು. ಅವಳು ಬಿಟ್ಟ ಮಿಷನ್ನಿಗೆ ಪಕ್ಕದ ಬೀದಿಯ ಹುಡುಗಿ ಸೇರಿಕೊಂಡಳು.

ಸೊಸೆ ರಿಪೋರ್ಟು ತರಲು ಮರೆತಳೆಂಬ ಆ ಮಾತು ಅಕ್ಕನ ಮನಸ್ಸಿನಲ್ಲಿ ಉಳಿದಿತ್ತು. ಸ್ವಭಾವದಿಂದ ಕೆಟ್ಟವಳಲ್ಲ, ಆದರೂ ಕಾಲು ಸೆಳೆದಾಗ ಕುಟುಕುತ್ತಿದ್ದಳು. "ಒಂದು ಕಾಗ್ದ ಮರೀದಿದ್ರೆ ನಿಂಗೂ ಈ ಚಾಕರಿ ತಪ್ತಿತ್ತಲ್ಲವ್ವ" ಎನ್ನುತ್ತಿದ್ದಳು. ಸೊಸೆ ಅವಳ ತಲೆ ಬಾಚುತ್ತಲೇ ಇರುತ್ತಿದ್ದಳು. ಹೀಗೆ ಏಳು ವರ್ಷ. ಮೊದಮೊದಲು ಸೊಸೆ ತಿರುಗಿ ನನ್ನ ಕಡೆ ನೋಡುವಳು. ಆಮೇಲೆ ನೋಡುವುದನ್ನೂ ಬಿಟ್ಟಳು.

ಅಕ್ಕ ಹಾಸಿಗೆ ಹಿಡಿದು ಊಟ ಬಿಟ್ಟ ಮೇಲೆ ಒಂದು ಬೆಳಿಗ್ಗೆ ನಾನು ಬಾಗಿಲು ಮುಂದೆ ಮಾಡಿ ಅವಳ ಹತ್ತಿರ ಕೂತೆ. ಎಲ್ಲವನ್ನೂ ಹೇಳಿದೆ. ಡಾಕ್ಟರು ಹೇಳಿದ್ದು, ನೋವಿನ ಮಾತ್ರೆ, ಒಲೆ.

"ಹುಳ ಇದ್ವಲ್ಲ ಆಗ" ಎಂದಳು.

"ಹ್ಞೂಂ. ನಾಲ್ಕನೇ ಜ್ವರ."

"ನನ್ನನ್ನೇ ಕೇಳಿದ್ರೂ ಈ ಹುಳ ಹಣ್ಣಾಗ್ಲಿ ಅಂತಿದ್ನೇನೋ." ನನ್ನ ಕಡೆ ತಿರುಗಿ, "ಕೇಳ್ಬೇಕಾಗಿತ್ತು ಕಣ್ಲಾ ನೀನು" ಎಂದಳು.

ನಾನು ಅವಳ ಕಾಲು ಹಿಡಿದುಕೊಂಡೆ. ಬಾಗದ ಆ ಕಾಲನ್ನೇ. ಅವಳು ಬಿಡು ಎನ್ನಲಿಲ್ಲ. ಆಮೇಲೆ ಕೇಳಿದಳು, "ಆ ಹುಡ್ಗಿಗೆ ಹೇಳಿದ್ಯಾ?"

"ಇಲ್ಲ."

"ಅಯ್ಯೋ ಪಾಪಿ. ನಾನು ಏನೇನಂದೆ ಅವಳ್ಗೆ. ಕರಿ ಅವಳ್ನ."

ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲಿನ ಸದ್ದು ನನಗೆ ಕೇಳುತ್ತಿತ್ತು, ಅಕ್ಕನ ಕಿವಿ ಅಷ್ಟು ಹೊತ್ತಿಗೆ ಮಂದವಾಗಿತ್ತು. ಎದ್ದು ಹೊರಗೆ ಹೋಗಿ, ಹಿತ್ತಲ ಬಾಗಿಲವರೆಗೆ ನಡೆದೆ. ಅವಳು ಬೆನ್ನು ಹಾಕಿ ನಿಂತಿದ್ದಳು. ಅಲ್ಲಿಂದಲೇ ತಿರುಗಿ ಬಂದು, "ಮನೇಲಿಲ್ಲ ಅಕ್ಕ, ಅಂಗಡಿಗೆ ಹೋಗವಳೆ" ಎಂದೆ. "ಬಂದ್ಮೇಲೆ ಕಳ್ಸು" ಎಂದು ಕಣ್ಣು ಮುಚ್ಚಿದಳು. ಸಂಜೆಗೆ ಅವಳಿಗೆ ಮಾತು ನಿಂತಿತ್ತು. ಮೂರನೆಯ ದಿನ ಹೋದಳು. ಹೆಣದ ಮುಂದೆ ಎಲ್ಲರಿಗಿಂತ ಹೆಚ್ಚು ಅತ್ತವಳು ಸೊಸೆಯೇ.

ಈಗ ನನ್ನ ಎರಡು ಮಂಡಿಗಳೂ ಸವೆದಿವೆ. ನನ್ನದು ಬರೀ ವಯಸ್ಸಿನದು. ಅದನ್ನು ತೋರಿಸಲು ಕರೆದುಕೊಂಡು ಹೋದವಳೂ ಅವಳೇ. ಕೌಂಟರಿನಲ್ಲಿ ಕೂತ ಹುಡುಗಿ ರಿಪೋರ್ಟನ್ನು ನನ್ನ ಕಡೆ ಚಾಚಿದಾಗ ಅವಳು ನಡುವೆ ಕೈ ಇಟ್ಟಳು. "ನನ್ ಕೈಗೆ ಕೊಡಿ ಮೇಡಂ" ಎಂದಳು. ಕೋಪವೇನಿರಲಿಲ್ಲ ಆ ಮಾತಿನಲ್ಲಿ. ಮನೆಗೆ ಬಂದು ಮಗನ ಎದುರಿಗೆ ಅದನ್ನು ಮೇಜಿನ ಮೇಲೆ ಹರಡಿ, ಫ್ಯಾನಿಗೆ ಹಾರದಂತೆ ಲೋಟ ಇಟ್ಟು, ಅಡುಗೆಗೆ ಹೋದಳು. ಮಾತ್ರೆ ಕೊಡುವಾಗ ಹೊತ್ತು ತಪ್ಪಿಸುವುದಿಲ್ಲ. ಮಾವ ಎಂದು ಕರೆಯುತ್ತಾಳೆ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

ಅವಳು ಮಿಷನ್ ಮುಂದೆ ಕೂತಿದ್ದರೆ ಇಷ್ಟರಲ್ಲಿ ಸೂಪರ್‌ವೈಸರ್ ಆಗಿರುತ್ತಿದ್ದಳು ಎಂದು ಅವಳ ಜೊತೆಯವರು ಹೇಳುತ್ತಾರೆ. ಮಗ ಜಗಳ ಬಂದಾಗಲೆಲ್ಲ ಈಗಲೂ ಆ ಕಾಗದದ ಮಾತನ್ನು ಎತ್ತುತ್ತಾನೆ. ಮೊನ್ನೆಯೂ ಎತ್ತಿದ. ನಾನು ಪಕ್ಕದ ಕೋಣೆಯಲ್ಲಿ ಎಚ್ಚರವಾಗಿಯೇ ಇದ್ದೆ, ಬಾಯಿ ತೆರೆಯಲಿಲ್ಲ. ಇಷ್ಟು ಬರೆದವನಿಗೆ ಎದ್ದು ಹತ್ತು ಹೆಜ್ಜೆ ನಡೆದು ಹೇಳಲು ಆಗುವುದಿಲ್ಲವೇ ಎಂದು ಓದುವವರು ಕೇಳಬಹುದು. ಆಗಿಲ್ಲ. ಅಕ್ಕನ ಕಾಲನ್ನಾದರೂ ಹಿಡಿದೆ. ನಾನು ಈವರೆಗೂ ತಪ್ಪಾಯಿತು ಎನ್ನದೆ ಉಳಿದಿರುವುದು, ಒಂದೇ ಸೂರಿನ ಕೆಳಗೆ ಇರುವ ನನ್ನ ಸೊಸೆಗೆ.