ಬೆಳಿಗ್ಗೆ ಎಂಟಕ್ಕೆ ಕತ್ತರಿಸಿದ ಬೇರು

ಮೂಡುಬಿದಿರೆಯ ಒಂದು ಪಿಯು ಕಾಲೇಜಿಗೆ ಜೀವಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ಮೊದಲ ವರ್ಷ, ಮಕ್ಕಳಿಗೆ ಕೋಶ ವಿಭಜನೆಯನ್ನು ಕಣ್ಣಾರೆ ತೋರಿಸಲು ಮೂರು ಸಲ ಹೊರಟೆ. ಮೂರು ಸಲವೂ ಸೋತೆ.

ಬೋರ್ಡಿನ ಮೇಲಾದರೆ ನನಗೆ ಏನೂ ಕಷ್ಟವಿರಲಿಲ್ಲ. ವರ್ಣತಂತುಗಳು ದಪ್ಪವಾಗುವುದು, ಕೋಶದ ನಡುವೆ ಬಂದು ಸಾಲಾಗಿ ನಿಲ್ಲುವುದು, ಸೀಳಿಕೊಂಡು ಎರಡು ತುದಿಗಳಿಗೆ ಸರಿಯುವುದು, ಕೊನೆಗೆ ಮಧ್ಯದಲ್ಲೊಂದು ಗೋಡೆ ಎದ್ದು ಒಂದು ಕೋಶ ಎರಡಾಗುವುದು, ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಚೆಂದವಾಗಿ ಬಿಡಿಸುತ್ತಿದ್ದೆ. ಲ್ಯಾಬಿನಲ್ಲಿ ಮಾತ್ರ ಮರ್ಯಾದೆ ಹೋಗುತ್ತಿತ್ತು. ಬಾಟಲಿಯ ಬಾಯಿಗೆ ಈರುಳ್ಳಿ ಕೂರಿಸಿ, ಅದರಡಿ ನೀರಿಗೆ ಇಳಿದ ಬಿಳಿ ಬೇರಿನ ತುದಿಯನ್ನು ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಗಳ ನಡುವೆ ಒತ್ತಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಕಾಣುತ್ತಿದ್ದುದು ಇಟ್ಟಿಗೆ ಜೋಡಿಸಿದ ಹಾಗೆ ಸುಮ್ಮನೆ ಕೂತ ಕೋಶಗಳು. ಒಂದೂ ಒಡೆಯುತ್ತಿರಲಿಲ್ಲ. ಮೂರನೆಯ ಸಲ ಒಬ್ಬ ಹುಡುಗಿ ತಲೆಯೆತ್ತಿ, ಪುಸ್ತಕದ ಚಿತ್ರವನ್ನೇ ನೋಡಿ ರೆಕಾರ್ಡ್ ಬರೆಯಲೇ ಎಂದು ಕೇಳಿದಳು. ಬರೆಯಿರಿ ಎಂದೆ.

ನಮ್ಮ ಲ್ಯಾಬಿನಲ್ಲಿ ಒಬ್ಬ ಅಟೆಂಡರ್ ಇದ್ದರು. ಐವತ್ತು ದಾಟಿದ ಹೆಂಗಸು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗಳ ನೀರು ಬದಲಿಸುವುದು, ಬೀಗ ತೆಗೆಯುವುದು, ಹಾಕುವುದು ಅವರ ಕೆಲಸ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹೊರಗೆ ನಮ್ಮಿಬ್ಬರ ಮಾತು ತುಳುವಿನಲ್ಲೇ. ಲ್ಯಾಬಿನ ಹೊಸ್ತಿಲು ದಾಟಿದರೆ ಮಾತ್ರ ಅವರು ಕನ್ನಡಕ್ಕೆ ತಿರುಗುತ್ತಿದ್ದರು.

ಆ ಮೂರನೆಯ ಸಲ ಮಕ್ಕಳೆಲ್ಲ ಹೋದ ಮೇಲೆ ಅವರು ಸ್ಲೈಡುಗಳನ್ನು ಒರೆಸುತ್ತಾ ಕೇಳಿದರು, "ಮೇಡಂ, ನೀವು ಬೇರು ಕಟ್ ಮಾಡುವುದು ಎಷ್ಟು ಗಂಟೆಗೆ?"

ನಾನು ಬಂಟ್ವಾಳದಿಂದ ಸಿದ್ಧಕಟ್ಟೆಯ ಮೂಲಕ ಬಸ್ಸಿನಲ್ಲಿ ಬರುವವಳು. ಬಂದು ಒಂದು ಕ್ಲಾಸ್ ಮುಗಿಸಿ ಲ್ಯಾಬಿಗೆ ಬರುವಾಗ ಹನ್ನೊಂದೂವರೆ ಆಗುತ್ತಿತ್ತು. ಹಾಗೆಂದೆ.

"ಅದಕ್ಕೇ ಸಿಗುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಕಟ್ ಮಾಡ್ಬೇಕು. ಮೊದಲು ಇದ್ದ ಸರ್ ಹಾಗೇ ಮಾಡಿಸ್ತಿದ್ದರು. ನಾಳೆ ನಾನು ಮಾಡಿ ಇಡ್ತೇನೆ."

ನನಗೆ ಸ್ವಲ್ಪ ಸಿಟ್ಟೇ ಬಂತು. ಎಂ.ಎಸ್ಸಿ. ಮಾಡಿದವಳಿಗೆ ಇದು ಗೊತ್ತಿಲ್ಲವೇ ಎಂಬ ಸಿಟ್ಟು. ನಿಜ ಹೇಳಬೇಕೆಂದರೆ ಓದಿ ಗೊತ್ತಿತ್ತು. ಬೇರಿನ ತುದಿಯ ಕೋಶಗಳು ದಿನವಿಡೀ ಒಂದೇ ಚುರುಕಿನಲ್ಲಿ ಒಡೆಯುವುದಿಲ್ಲ, ಬೆಳಗಿನ ಹೊತ್ತು ಹೆಚ್ಚು ಎಂದು ಪುಸ್ತಕದಲ್ಲಿತ್ತು. ನಾನು ಓದಿದ ಕಡೆ ಬೇರು ಬಾಟಲಿಯಲ್ಲಿ ಸಿದ್ಧವಾಗಿ ಬರುತ್ತಿತ್ತು. ಅದನ್ನು ಯಾರು, ಯಾವ ಹೊತ್ತಿಗೆ ಕತ್ತರಿಸಿದರು ಎಂದು ನಾವು ಯಾರೂ ಕೇಳಿರಲಿಲ್ಲ.

ಮರುದಿನ ಎಂಟು ಗಂಟೆಗೆ ಅವರು ತುದಿಗಳನ್ನು ಕತ್ತರಿಸಿ, ನಾನು ಕಲಸಿಟ್ಟಿದ್ದ ಆಲ್ಕೊಹಾಲಿನ ದ್ರಾವಣದಲ್ಲಿ ಮುಳುಗಿಸಿಟ್ಟರು. ಆ ದ್ರಾವಣ ಕೋಶಗಳನ್ನು ಆ ಕ್ಷಣದಲ್ಲಿ ಇದ್ದ ಹಾಗೆಯೇ ನಿಲ್ಲಿಸಿಬಿಡುತ್ತದೆ. ಅದರ ಮಾರನೆಯ ದಿನ ಒಂದು ತುದಿಗೆ ಬಣ್ಣ ಹಾಕಿ ನೋಡಿದೆ. ಲೆನ್ಸಿನ ಕೆಳಗೆ ಎಲ್ಲವೂ ಇತ್ತು. ಒಂದು ಕಡೆ ಕೆಂಪು ದಾರಗಳು ಗಂಟು ಬಿದ್ದ ಹಾಗೆ, ಪಕ್ಕದಲ್ಲಿ ಸಾಲಾಗಿ ನಿಂತ ಹಾಗೆ, ಸ್ವಲ್ಪ ಮೇಲೆ ಎರಡು ಪಾಲಾಗಿ ದೂರ ಸರಿದ ಹಾಗೆ. ನಾನು ಬೋರ್ಡಿನ ಮೇಲೆ ಅಷ್ಟು ಸಲ ಬಿಡಿಸಿದ್ದನ್ನು ನನ್ನ ಕೈಯಿಂದ ಮಾಡಿದ ಸ್ಲೈಡಿನಲ್ಲಿ ಮೊದಲ ಸಲ ಕಂಡೆ.

ಆ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದಿದ್ದರು. ಮಕ್ಕಳ ಸ್ಲೈಡುಗಳನ್ನು ಒಂದೊಂದಾಗಿ ನೋಡಿದವರು ನನ್ನ ಕಡೆ ತಿರುಗಿ, ಇಷ್ಟು ಒಳ್ಳೆಯ ಬೇರು ಅಪರೂಪ, ಯಾರು ತಯಾರು ಮಾಡಿದ್ದು ಎಂದು ಕೇಳಿದರು. ಅಕ್ಕ ನಾಲ್ಕು ಹೆಜ್ಜೆ ಆಚೆ ಸಿಂಕಿನ ಹತ್ತಿರ ಬೀಕರ್ ತೊಳೆಯುತ್ತಿದ್ದರು.

"ನಾವೇ ಸರ್," ಎಂದೆ.

ಪರೀಕ್ಷಕರು ಅದನ್ನು ನಾನೇ ಎಂದು ಅರ್ಥ ಮಾಡಿಕೊಂಡರು. ಹಾಗೆ ಅರ್ಥವಾಗಲಿ ಎಂದೇ ನಾನು ಆ ಪದ ಆರಿಸಿದ್ದೆ. ಪ್ರಾಂಶುಪಾಲರ ಕೋಣೆಯಲ್ಲಿ ಚಹಾ ಕುಡಿಯುವಾಗ ನನ್ನ ಹೊಗಳಿಕೆ ನಡೆಯಿತು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಸಿಂಕಿನ ನೀರಿನ ಸದ್ದೇ ಕಿವಿಯಲ್ಲಿತ್ತು. ಆ ಮಾತು ಆಡುವಾಗ ನಲ್ಲಿ ಒಂದು ಗಳಿಗೆ ನಿಂತಿತ್ತೇ ಇಲ್ಲವೇ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮರುದಿನ ಅಕ್ಕನ ಹತ್ತಿರ ನಾನೇ ವಿಷಯ ತೆಗೆದೆ. ನಿಮ್ಮ ಹೆಸರು ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯಿತು ಎಂದೆ. ಅವರು ಬೀಕರುಗಳನ್ನು ಕಪಾಟಿನಲ್ಲಿ ಜೋಡಿಸುತ್ತಲೇ ಇದ್ದರು. ಅದರಲ್ಲಿ ಏನುಂಟು, ನನ್ನ ಕೆಲಸ ಅದು ಎಂದರು. ಪರೀಕ್ಷಕರಿಗೆ ನಾನು ಹೇಳಿದ್ದು ತಮಗೆ ಕೇಳಿಸಿರಲಿಲ್ಲ ಎಂದು ಮಾತ್ರ ಅವರು ಹೇಳಲಿಲ್ಲ.

ಏನು ಮಾಡುವುದೆಂದು ತೋಚದೆ, ಒಮ್ಮೆ ಬಂದು ನೋಡಿ ಎಂದು ಅವರನ್ನು ಮೈಕ್ರೋಸ್ಕೋಪಿನ ಮುಂದೆ ಕರೆದೆ. ಆಗ ತಿಳಿಯಿತು, ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಬೇರುಗಳನ್ನು ಕತ್ತರಿಸಿದವರು ಒಮ್ಮೆಯೂ ಅದರೊಳಗೆ ನೋಡಿರಲಿಲ್ಲ. ನೋಡಬಾರದೆಂದು ಯಾರೂ ಹೇಳಿರಲಿಲ್ಲ. ನೋಡಿ ಎಂದೂ ಯಾರೂ ಹೇಳಿರಲಿಲ್ಲ.

ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದರು. ಮೊದಲಿಗೆ ತಮ್ಮ ರೆಪ್ಪೆಯ ಕೂದಲೇ ಕಾಣುತ್ತದೆ ಎಂದರು. ನಾನು ಫೋಕಸ್ ತಿರುಗಿಸಿದೆ. ಎರಡು ಪಾಲಾಗುತ್ತಿದ್ದ ಕೋಶವೊಂದನ್ನು ತೋರಿಸಿ, ಮೊದಲಿನದ್ದು ತಾಯಿಕೋಶ, ಆಗುವ ಎರಡೂ ಮಗಳುಕೋಶ ಎಂದು ವಿವರಿಸಿದೆ.

"ಎರಡೂ ಮಕ್ಕಳಾದರೆ ಮತ್ತೆ ತಾಯಿ ಎಲ್ಲಿ ಹೋದಳು?"

ತಾಯಿ ಸಾಯುವುದಿಲ್ಲ, ಹೆಣ ಎಂಬುದು ಉಳಿಯುವುದಿಲ್ಲ. ಇದ್ದುದೆಲ್ಲವೂ ಇಬ್ಬರಿಗೆ ಹಂಚಿಹೋಗಿ ಅವಳೆಂಬವಳೇ ಇರುವುದಿಲ್ಲ. ತಡವರಿಸುತ್ತಾ ಅಷ್ಟು ಹೇಳಿದೆ. ಅವರು ಹೌದಾ ಎಂದು ಮತ್ತೆ ಲೆನ್ಸಿಗೆ ಕಣ್ಣಿಟ್ಟರು. ಎಷ್ಟೋ ಸಲ ಪಾಠ ಮಾಡಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಜೂನಿನಲ್ಲಿ ಹೊಸ ತಂಡ ಬಂದಾಗ, ಬೇರನ್ನು ಕತ್ತರಿಸಿ ಒತ್ತುವುದನ್ನು ಅಕ್ಕನೇ ತೋರಿಸಲಿ ಎಂದೆ. ಅವರು ಒಪ್ಪಲಿಲ್ಲ. ಮಕ್ಕಳು ನಗುತ್ತಾರೆ, ನನ್ನದು ಶಾಲೆಯ ಮಾತಲ್ಲ ಎಂದರು. ಮಾತು ನಾನು ಆಡುತ್ತೇನೆ, ಕೈ ನಿಮ್ಮದಿರಲಿ ಎಂದು ಒಪ್ಪಿಸಿದೆ. ಮೊದಲ ದಿನ ಅವರು ಒತ್ತಿದ ರಭಸಕ್ಕೆ ಒಂದು ಗಾಜು ಒಡೆಯಿತು. ಯಾರೂ ನಗಲಿಲ್ಲ. ಎರಡನೆಯ ವಾರಕ್ಕೆ ನನ್ನ ಮಾತು ಅಡ್ಡಿಯಾಯಿತು. "ಜಾಸ್ತಿ ಒತ್ತಬೇಡಿ, ಪುಡಿ ಆಗ್ತದೆ," ಎಂದು ಅವರೇ ಮೇಜಿನಿಂದ ಮೇಜಿಗೆ ಹೇಳುತ್ತಾ ಹೋದರು.

ಕೋಶೀಯ ಉಸಿರಾಟದ ಪಾಠ ಬಂದಾಗ ಮಕ್ಕಳಿಗೆ ಒಂದು ವಿಷಯ ತಲೆಗೆ ಹೋಗುತ್ತಿರಲಿಲ್ಲ. ಉಸಿರಾಟ ಎಂದರೆ ಮೂಗಿನಿಂದ ಗಾಳಿ ಎಳೆದು ಬಿಡುವುದಷ್ಟೇ ಅಲ್ಲ, ಒಂದೊಂದು ಕೋಶವೂ ತನ್ನೊಳಗೆ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುತ್ತದೆ, ಅದರಲ್ಲಿ ಒಂದಷ್ಟು ಶಾಖವಾಗಿ ಹೊರಬರುತ್ತದೆ ಎನ್ನುವುದು. ಮೂಗಿಲ್ಲದ ಬೀಜ ಹೇಗೆ ಉಸಿರಾಡುತ್ತದೆ ಎಂದು ಒಬ್ಬ ಕೇಳಿದ. ಹಿಂದೆ ನಿಂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡರು. ಎರಡು ದಿನ ಬಿಟ್ಟು ಮನೆಯಿಂದ ದೊಡ್ಡ ಪಾತ್ರೆಯೊಂದನ್ನು ತಂದರು. ಬಟ್ಟೆ ಸುತ್ತಿ ಮುಚ್ಚಿಟ್ಟ, ಮೊಳಕೆ ಬಂದ ಹೆಸರುಕಾಳು ತುಂಬ ಇತ್ತು.

"ಕೈ ಹಾಕಿ ನೋಡಿ," ಎಂದರು.

ಮಕ್ಕಳು ಸಾಲಾಗಿ ಬಂದು ಕಾಳಿನೊಳಗೆ ಬೆರಳು ತೂರಿಸಿದರು. ಕೊನೆಗೆ ನಾನೂ ಹಾಕಿದೆ. ಜ್ವರ ಬಂದ ಮಗುವಿನ ಅಂಗೈಯ ಹಾಗೆ ಒಳಗೆ ಬೆಚ್ಚಗಿತ್ತು. ಥರ್ಮಾಸಿನಲ್ಲಿ ಮೊಳಕೆ ಕಾಳು ತುಂಬಿ ಉಷ್ಣತೆ ಅಳೆಯುವ ಪ್ರಯೋಗವನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದವಳು. ಮನೆಯ ಅಡುಗೆಕೋಣೆಯಲ್ಲಿ ವಾರಕ್ಕೊಮ್ಮೆ ಮೊಳಕೆ ಕಟ್ಟುತ್ತಿದ್ದರೂ ಕೈಯಿಟ್ಟು ನೋಡಿರಲಿಲ್ಲ.

ಅಕ್ಕ ನಿವೃತ್ತರಾಗಿ ಈಗ ಎರಡು ವರ್ಷ. ಬೀಳ್ಕೊಡುಗೆಯ ದಿನ ವೇದಿಕೆಯಲ್ಲಿ ನಾನು ಪರೀಕ್ಷಕರ ಆ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಎಲ್ಲರೆದುರು ಹೇಳಿದೆ. ಹೇಳಿದ್ದರಿಂದ ಹಳೆಯದು ಅಳಿಸಿಹೋಯಿತು ಎಂದು ನನಗೆ ಅನ್ನಿಸುವುದಿಲ್ಲ. ಕೆಳಗಿಳಿದು ಬಂದಾಗ ಅವರು ನನ್ನ ಕೈ ಹಿಡಿದು, ಅಷ್ಟು ಜನರ ಮುಂದೆ ಅದೆಲ್ಲ ಯಾಕೆ ಬೇಕಿತ್ತು ಎಂದು ತುಳುವಿನಲ್ಲಿ ಗದರಿದರು. ಗದರಿದವರು ಕೈಯನ್ನು ಮಾತ್ರ ಬೇಗ ಬಿಡಲಿಲ್ಲ.